ಗಡಿ ಸುತ್ತಲು ಒಬ್ಬ ನೆರೆಯವನು

ವರ್ಜೀನಿಯಾದ ಪಶ್ಚಿಮ ಬೆಟ್ಟಗಳಿಂದ,
ಏಪ್ರಿಲ್ ೧೭೫೧

ಭೂಮಿ ಕಚೇರಿಯ ಗುಮಾಸ್ತ ಚಿರಂಜೀವಿ ಜೋಥಮ್‌ಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದ.

ನಾನೂರು ಎಕರೆಗೆ ಒಡೆಯನಪ್ಪ ನಾನು. ಒಬ್ಬನೇ ಮನೆ ಕಟ್ಟಿದೆ, ಮೆಕ್ಕೆಜೋಳ ಬೆಳೆದೆ. ಗವರ್ನರರೇ ನೋಡಿದರೂ ಹೊಟ್ಟೆಕಿಚ್ಚುಪಡಬೇಕು. ಮೂರು ದಿನದ ದಾರಿಯೊಳಗೆ ಇನ್ನೊಂದು ಒಲೆಯ ಹೊಗೆ ಕಾಣಬಾರದೆಂದು ಈ ಜಾಗ ಆರಿಸಿದವನೂ ನಾನೇ.

ಮೊನ್ನೆ ಗಡಿ ಸುತ್ತಿಸುವ ಅಧಿಕಾರಿ ಬಂದಿದ್ದ. ಗಡಿಗೆಂದು ಗುರುತು ಕೊಚ್ಚಿದ ಮರಗಳನ್ನು ಪಕ್ಕದ ಜಮೀನಿನವನೂ ಜೊತೆಗೆ ಸುತ್ತಿ ಒಪ್ಪಿದರೆ ಮಾತ್ರ ಗಡಿ ಖಾಯಂ ಅಂತೆ.

"ನಿನ್ನ ಪಕ್ಕದೋನು ಎಲ್ಲಯ್ಯಾ? ಕರಡೀನ ಕರೀಲಾ?" ಎಂದು ನಕ್ಕ.

"ಕರೀರಿ ಸ್ವಾಮಿ, ನಿಮಗಿಂತ ಚೆನ್ನಾಗಿ ಬೆಟ್ಟ ಹತ್ತುತ್ತೆ" ಅಂದೆ.

ಇನ್ನೊಂದು ದಿನ ಇಲ್ಲೇ ಇರಲಿ ಎಂದು ಅವನ ಕುದುರೆಯ ಜೀನು ಬಚ್ಚಿಟ್ಟೆ. ಜೀನಿಲ್ಲದೆಯೇ ಹತ್ತಿ ಹೊರಟುಹೋದ. ಚಳಿಗಾಲದೊಳಗೆ ನೆರೆಯವನು ಸಿಗದಿದ್ದರೆ ನನ್ನ ಪಟ್ಟಾ ರದ್ದಂತೆ.

ಆದ್ದರಿಂದ ಪಕ್ಕದ ಜಾಗವನ್ನು ಯಾರಿಗಾದರೂ ಬೇಗ ಬರೆಸು. ನನ್ನ ಮೇಲೆ ಎರಡು ಸಲ ದಾವೆ ಹೂಡಿದ ಆ ಜಗಳಗಂಟ ಸೈಲಸ್ ಕ್ರೂ ಇನ್ನೂ ಜಮೀನು ಹುಡುಕುತ್ತಿದ್ದರೆ ಅವನಿಗೇ ಆಗಲಿ. ನಕ್ಷೆ ಬರೆಯುವಾಗ ನನ್ನ ಬಾಗಿಲ ಮುಂದಿನ ಚಿಲುಮೆಯನ್ನು ಅವನ ಪಾಲಿಗೆ ಸೇರಿಸಿಬಿಡು. ನೀರಿಗಾದರೂ ಅವನು ದಿನಾ ಇಲ್ಲಿಗೆ ಬರಬೇಕು.

ಇತಿ ನಿನ್ನ ಚಿಕ್ಕಪ್ಪ,
ಒಬಡಾಯ ಪ್ರೂಯಿಟ್