ಎಡಕ್ಕೆ ಬಂದು ಆಡಿದ ಮಾತು

ಗಾಜಿಪುರ, ಕಲಬುರಗಿ
ಸೋಮವಾರ, ೧೭ ನವೆಂಬರ್ ೨೦೨೫

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ನಾನು ತಂದಿಟ್ಟ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಅದೂ ನಿನ್ನ ಸೊಸೆ, ನಮ್ಮ ವೈನಿಯ ಅಲಮಾರಿ ಸೇರಿತೋ? ನಿನ್ನೆಯಷ್ಟೇ ಕಮಲಾಪುರಕ್ಕೆ ಬಂದು ಹೋದವಳು ಇವತ್ತು ಪತ್ರ ಬರೆದಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಿನಗೆ ಕೇಳುವುದಿಲ್ಲ, ನೀನು ಅದನ್ನು ಅಣ್ಣನ ಕೈಗೆ ಕೊಡುತ್ತೀ. ಇದು ಅಣ್ಣನಿಗೆ ಹೇಳುವ ಮಾತಲ್ಲ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಾನು ಚೆನ್ನಾಗಿದ್ದೇನೆ. ಎಡಗಿವಿಯ ಹಿಂದಿನ ಎಲುಬಿಗೆ ಕೂಡಿಸಿದ ಸ್ಕ್ರೂ ಮೂರು ತಿಂಗಳಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿದೆ. ಬೆಳಿಗ್ಗೆ ಅದರ ಸುತ್ತ ಮೆತ್ತನೆಯ ಬ್ರಶ್ಶಿನಿಂದ ತೊಳೆದು ಕಿವಿಯ ಮಷೀನನ್ನು ಕಟಕ್ಕೆಂದು ಸಿಕ್ಕಿಸುತ್ತೇನೆ. ಸದ್ದು ಎಲುಬಿನಲ್ಲೇ ಹಾದು ಒಳಗೆ ಹೋಗುತ್ತದೆ, ಸೋರಿ ಸೋರಿ ಕೆಟ್ಟ ಕಿವಿಯ ಗೊಡವೆಯೇ ಇಲ್ಲ. ಜಗತ್ ಸರ್ಕಲ್ಲಿನಲ್ಲಿ ಎಡಗಡೆಯಿಂದ ಬರುವ ಆಟೋದವರ ಬೈಗುಳ ಈಗ ಪೂರ್ತಿ ಕೇಳುತ್ತದೆ. ಸೆರಗು ತಾಗಿದರೆ ಮಾತ್ರ ಕುಂಯ್ ಅನ್ನುತ್ತದೆ. ನಿನ್ನೆ ಅದು ಹಾಗೆ ಅಂದಾಗ ವೈನಿ, "ತಲಿಯಾಗ ಸ್ಕ್ರೂ ಹೊಡಿಸಿಕೊಂಡು ಬಂದೀರಿ, ಸಿಡ್ಲು ಬಡದ್ರ ಏನ್ ಮಾಡ್ತೀರಿ?" ಎಂದಳು. ಈಕೆ ಮಕ್ಕಳಿಗೆ ವಿಜ್ಞಾನ ಕಲಿಸುವವಳು!

ನಮ್ಮ ಮನೆಯ ರೂಢಿ ನಿನಗೆ ಗೊತ್ತು. ಭುವಿಗೆ ಕೇಳಬಾರದ್ದನ್ನು ಭುವಿಯ ಎಡಕ್ಕೆ ಬಂದು ಆಡಬೇಕು. ನನ್ನ ಮದುವೆಯ ಮಾತುಕತೆಯನ್ನೂ ಹಾಗೆಯೇ ಮುಗಿಸಿದಿರಿ. ಅದರಲ್ಲಿ ನೀನೂ ಇದ್ದೆ, ಅವ್ವಾ. ನಿನ್ನೆ ಊಟಕ್ಕೆ ಕೂತಾಗ ಅಣ್ಣ ನನ್ನ ಬಲಗಡೆಯಿಂದ ಎದ್ದು, ಸುತ್ತು ಹಾಕಿ, ಎಡಕ್ಕೆ ಬಂದು ವೈನಿಯ ಪಕ್ಕ ಕೂತ. ಮಷೀನು ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಊರಿನವರ ಜಗಳವನ್ನೆಲ್ಲ ಬಗೆಹರಿಸುವ ಅಣ್ಣ ಅಮರನಾಥನವರಿಗೆ ಅದು ಅಲ್ಲಿ ಏತಕ್ಕಿದೆ ಎಂದು ಹೊಳೆಯಲೇ ಇಲ್ಲ.

"ಅವ್ವಗೂ ದವಾಖಾನಿ ಅಂತ ಹಟ ಹಿಡಿತಾಳ ಈಕಿ. ಒಪ್ಪಬ್ಯಾಡ. ಅವ್ವಗ ಕೇಳಾಕ ಸುರು ಆತಂದ್ರ ಎಲ್ಲಾದಕ್ಕೂ ನಡುವ ಬಾಯಿ ಹಾಕ್ತಾಳ," ಅಂದ.

"ಖರೇರಿ. ಕಿವಿ ಹೋದಮ್ಯಾಲೆ ಅತ್ತಿ ಎಷ್ಟ್ ಛಲೋ ಆಗ್ಯಾರ!" ಅಂದಳು ವೈನಿ.

ಆಮೇಲೆ ಅವನು ನನ್ನ ಬಲಗಿವಿಯ ಕಡೆ ಬಾಗಿ, ಗಟ್ಟಿಯಾಗಿ, "ಅವ್ವಂದು ವಯಸ್ಸಿನ ಕಿವುಡು, ಭುವಿ. ಏನೂ ಮಾಡಾಕ ಬರಂಗಿಲ್ಲ ಅಂದಾರ ಡಾಕ್ಟರು," ಎಂದ. ಯಾವ ಡಾಕ್ಟರು? ಎರಡು ವರ್ಷದಿಂದ ನಿನ್ನನ್ನು ಯಾರಿಗೂ ತೋರಿಸಿಯೇ ಇಲ್ಲವಲ್ಲ.

ಇಂಥವರನ್ನು ಕಂಡು ಹೇಸುವುದು ಸುಲಭ, ಹೇಸುತ್ತಲೇ ಇದ್ದೇನೆ. ಆದರೆ ಎದುರು ಕೂತಿದ್ದ ನೀನು ನನ್ನ ಮುಖ ನೋಡಿ "ಏನಂತಾನ?" ಎಂದು ಕೇಳಿದೆ. ನಾನು "ಏನಿಲ್ಲ ಬಿಡವ್ವಾ" ಅಂದೆ. ನಲವತ್ತು ವರ್ಷ ಎಲ್ಲರೂ ನನಗೆ ಹೇಳಿದ್ದು ಇದನ್ನೇ. ಇದಕ್ಕಿಂತ ನಾನು ದ್ವೇಷಿಸಿದ ಮಾತು ಇನ್ನೊಂದಿಲ್ಲ. ಜಗಳಕ್ಕೆ ಅಂಜಿದೆನೋ, ಊಟ ಕೆಡುತ್ತದೆಂದು ಸುಮ್ಮನಾದೆನೋ, ಅಥವಾ ಕಿವಿ ಬಂದವರ ಸಾಲಿಗೆ ಸೇರಿದ್ದೇ ತಡ ನನ್ನ ಬಾಯಿಗೂ ಅದು ಹಗುರವಾಗಿ ಬಂತೋ? ನೀನು ತಲೆಯಾಡಿಸಿ ನಕ್ಕೆ. ನಾನು ವೈನಿ ಕೊಟ್ಟ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ಬಸ್ಸು ಹತ್ತಿದೆ. ಅದಕ್ಕೇ ಅವರು ಅಂದದ್ದನ್ನು ಒಂದಕ್ಷರ ಬಿಡದೆ ಮೇಲೆ ಬರೆದಿದ್ದೇನೆ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅಣ್ಣ ವೈನಿಗೆ ನಮಸ್ಕಾರ ತಿಳಿಸುವುದು ಬೇಡ.

ನಿನ್ನ ಮಗಳು,
ಭುವನೇಶ್ವರಿ

ತಾ.ಕ.: ನಿನ್ನ ಪಕ್ಕದ ಮನೆಯ ಚಾಂದಬಿ ನಾಳೆ ಬಳೆ ಕೊಳ್ಳಲು ಇಲ್ಲಿನ ಶಹಾಬಜಾರಕ್ಕೆ ಬರುತ್ತಾಳೆ, ಪತ್ರ ಅವಳ ಕೈಯಲ್ಲೇ ಕೊಡುತ್ತೇನೆ. ಗುರುವಾರ ಎಂಟರ ಬಸ್ಸಿಗೆ ಅವಳ ಜೊತೆ ಹೊರಟು ಬಾ. ಆಧಾರ್ ಕಾರ್ಡು ಮರೆಯಬೇಡ. ಹನ್ನೊಂದಕ್ಕೆ ನನ್ನ ಕಿವಿ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ನನ್ನಂತೆ ಸ್ಕ್ರೂ ಬೇಕೋ, ಸಾದಾ ಮಷೀನು ಸಾಕೋ, ಪರೀಕ್ಷೆ ಮಾಡಿ ಹೇಳುತ್ತಾರೆ. ಬೇಡವೆನಿಸಿದರೆ ಬೇಡ, ಆದರೆ ಬೇಡ ಅನ್ನುವವಳು ನೀನಾಗಿರಬೇಕು. ಹೊಸಿಲು ದಾಟುವಾಗ ಅಣ್ಣ ಅಡ್ಡ ಬಂದು ಎಲ್ಲಿಗೆ, ಏನು ಎಂದು ಕೇಳಿದರೆ, "ಏನಿಲ್ಲ ಬಿಡಪ್ಪಾ" ಅನ್ನು.