ಅವ್ವನ ತಲೆಯಲ್ಲಿ ನಿಂತ ನೀರು

ತಂಗಿ ಬೃಂದಾ,

ಅವ್ವನನ್ನು ಕರೆದುಕೊಂಡು ಹೊರಟಿದ್ದೇನೆ, ಬೇಗೂರಿನಲ್ಲಿ ಮೈಸೂರು ಬಸ್ಸು ಹಿಡಿಯುತ್ತೇವೆ. ಹಸುವಿಗೆ ಹುಲ್ಲು ಹಾಕಿ, ಹಾಲನ್ನು ಡೇರಿಗೆ ಕೊಟ್ಟು ಕಾಲೇಜಿಗೆ ಹೋಗು.

ನಿನ್ನೆ ಚಾಮರಾಜನಗರದ ಡಾಕ್ಟರು ಸ್ಕ್ಯಾನ್ ನೋಡಿ, ಇದು ಬರೀ ವಯಸ್ಸಿನ ಮರೆವಲ್ಲ, ಮಿದುಳಿನೊಳಗೆ ನೀರು ತುಂಬಿಕೊಂಡಿದೆ ಅಂದರು. ಕಾಲು ನೆಲಕ್ಕೆ ಅಂಟಿದ ಹಾಗೆ ನಡೆಯುವುದು, ಹಾಸಿಗೆ ಒದ್ದೆಯಾಗುವುದು, ಎಲ್ಲ ಅದರಿಂದಲೇ ಅಂತೆ. ಇವತ್ತು ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡುತ್ತಾರೆ. ನಡಿಗೆ ಸುಧಾರಿಸಿದರೆ ಆಪರೇಷನ್ ಮಾಡಿ, ತಲೆಯಿಂದ ಹೊಟ್ಟೆಗೆ ಚರ್ಮದೊಳಗೇ ಸಣ್ಣ ಕೊಳವೆ ಇಡುತ್ತಾರೆ.

ಮೊನ್ನೆ ನಾನು ಜಗಲಿಗೆ ಎಸೆದಿದ್ದ ಅವ್ವನ ಹಾಸಿಗೆಯನ್ನು ಒಳಗೆ ತಂದು ಹಾಸು. ಬೇಕಂತಲೇ ಒದ್ದೆ ಮಾಡ್ತಾಳೆ ಅಂತ ಬೀದಿಯವರೆಲ್ಲ ಕೇಳುವ ಹಾಗೆ ಕೂಗಾಡಿದೆನಲ್ಲ, ಅಡ್ಡ ಬಂದ ನಿನ್ನನ್ನೂ ಬೈದೆನಲ್ಲ. ನಿನ್ನ ಮುಖ ನೋಡಲು ನಾಚಿಕೆಯಾಗಿ ಎಬ್ಬಿಸದೆ ಹೊರಟೆ.

ಈಗ ಅವ್ವನ ಕಾಲು ಹಿಡಿದು ತಪ್ಪಾಯಿತು ಅಂದೆ. "ನೀ ಯಾವಾಗ್ಲಾ ನನ್ನ ಬೋದೆ?" ಅಂತ ನಕ್ಕಳು. ನಿಜವಾಗಿಯೂ ಮರೆತಿದ್ದಾಳೆ.

ನೀರು ಇಳಿದರೆ ನೆನಪೂ ಮರಳಬಹುದು ಅಂದಿದ್ದಾರೆ. ಮರಳಲಿ. ನಾನು ಬೈದದ್ದೂ ನೆನಪಾಗಲಿ, ಅವಳೂ ನನ್ನನ್ನು ಬಾಯ್ತುಂಬ ಬಯ್ಯಲಿ.

ಚಂದ್ರಣ್ಣ