ಅಮ್ಮನ ಬೆಲ್‌ಬಾಟಮ್

ಮಾರ್ಚ್ ೯, ಭಾನುವಾರ

ಮಗಳ ಹಟಕ್ಕೆ ಮಣಿದು ಅಮ್ಮನ ಬೆಲ್‌ಬಾಟಮ್ ಹೊಲಿಗೆ ಬಿಚ್ಚಬಾರದಿತ್ತು. ಈಗ ಮತ್ತೆ ಅದೇ ಫ್ಯಾಷನ್ನಂತೆ!

ತೊಂಬತ್ತರ ದಶಕದ ಪಫ್ ತೋಳು ಹೊಲಿದೇ ನಾನು ಟೈಲರ್ ಆದೆ. ಆದರೂ ನನ್ನ ಮನಸ್ಸಿರೋದು ಎಪ್ಪತ್ತರಲ್ಲೇ, ಅಮ್ಮನ ಒಂದು ಹಳೇ ಫೋಟೋದಿಂದ. ಮದುವೆಯಾದ ಹೊಸತು, ಮಹಡಿ ಮೇಲೆ ಬೆಲ್‌ಬಾಟಮ್ ತೊಟ್ಟ ಅಮ್ಮ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಗ್ತಿದ್ದಾಳೆ. ಪಕ್ಕದಲ್ಲಿ ಅಪ್ಪ ಇಲ್ಲವಲ್ಲ ಅಂತ ಯಾವತ್ತೂ ಒಂದು ಕೊರಗು, ಅವರು ಹೋದ ಮೇಲಂತೂ ಇನ್ನೂ ಜಾಸ್ತಿ.

ಸೊಂಟ ಸಡಿಲಿಸೋಣ ಅಂತ ಬಿಚ್ಚಿದರೆ ಒಳಗೆ ಅಂಗೈ ಅಗಲ ಬಟ್ಟೆ ಮಡಚಿದೆ, ಸೊಟ್ಟಸೊಟ್ಟ ಕೈಹೊಲಿಗೆ. ಗಂಡಸರ ಅಳತೆ!

"ಅಮ್ಮಾ, ಯಾರದ್ದಿದು?"

"ನಿಮ್ಮಪ್ಪಂದೇ ಕಣೇ. ನೀನೂ ಒಂದ್ಸಲ ಹಾಕ್ಕೊಂಡು ನೋಡು ಅಂತ ತೊಟ್ಟಿದ್ದನ್ನೇ ಬಿಚ್ಚಿಕೊಟ್ಟು, ಅವರೇ ಹೊಲಿದ್ರು."

"ಫೋಟೋ ತೆಗೆದಿದ್ದು?"

"ಅವರೇ. ಟವೆಲ್ ಸುತ್ಕೊಂಡು ನಿಂತಿದ್ರು. ಗಾಳಿ ಬೇರೆ ಜೋರಾಗಿತ್ತು..." ಮುಂದೆ ಹೇಳಲಾಗದೆ ನಕ್ಕಳು. ಫೋಟೋದಲ್ಲಿರೋ ಅದೇ ನಗು.

ಮಗಳಿಗೆ ಹೊಸದು ಹೊಲಿದುಕೊಡ್ತೀನಿ. ಬಿಚ್ಚಿದ ಹೊಲಿಗೇನ ಅಪ್ಪ ಹಾಕಿದ್ದ ಹಾಗೇ ಹಾಕಿಡೋಣ ಅಂತ ಸೂಜಿ ಹಿಡಿದು ಕೂತಿದ್ದೇನೆ. ಏನು ಮಾಡಿದರೂ ಹಾಳಾದ್ದು, ಹೊಲಿಗೆ ನೆಟ್ಟಗೇ ಬರ್ತಿದೆ.